ಗೇಲಿನಂಟು

ನಲ್ಲಿಗೆ ಬೀಗ ಬಿದ್ದು ಮೂರು ದಿನವಾಗಿತ್ತು.

ಬೀಗ ಹೊಸದು. ಊರ ಹಿರಿಯ ಮಸಾಂಬ ಸೋಮವಾರದ ಸಂತೆಯಿಂದ ತಂದದ್ದು. ನಲ್ಲಿಯ ತಿರುಪಿಗೆ ಸರಪಣಿ ಸುತ್ತಿ, ಸರಪಣಿಗೆ ಬೀಗ ಜಡಿದು, ಬೀಗದಕೈಯನ್ನು ನಿಲುವಂಗಿಯ ಒಳಜೇಬಿಗೆ ಇಳಿಬಿಟ್ಟಿದ್ದ. ನಲ್ಲಿ ಕೆಟ್ಟಿರಲಿಲ್ಲ. ನೀರು ನಿಂತಿರಲಿಲ್ಲ. ಪೈಪಿನ ಬಾಯಿತನಕ ನೀರು ಬಂದು ಕಾಯುತ್ತಿತ್ತು. ಕೇರ್ ಬಿರಾನ್ ಎಂಬ ಈ ಊರಿನ ಹೆಂಗಸರು ಮಾತ್ರ ಕೋಳಿ ಕೂಗುವ ಹೊತ್ತಿಗೆ ಎದ್ದು, ಏಳು ವರ್ಷದಿಂದ ಯಾರೂ ತುಳಿಯದೆ ಮುಳ್ಳು ಬೆಳೆದಿದ್ದ ಹಳೇ ಬಾವಿಯ ದಾರಿ ಹಿಡಿಯುತ್ತಿದ್ದರು.

ಕಾರಣ ಇಷ್ಟೇ. ಗುರುವಾರ ಸಿನಿಮಾ ತೆಗೆಯುವವರು ಬರುತ್ತಿದ್ದರು.

ಕೇರ್ ಬಿರಾನಿಗೆ ಫ್ರಾನ್ಸ್ ದೇಶದಲ್ಲಿ ಒಂದು ಜೋಡಿ ಊರಿದೆ. ಎರಡೂ ಊರು ಅವಳಿ ಮಕ್ಕಳಿದ್ದಂತೆ ಎಂದು ಕಾಗದ ಹೇಳುತ್ತದೆ. ಒಂದು ಮಗು ಇನ್ನೊಂದನ್ನು ಮೂರು ವರ್ಷಕ್ಕೊಮ್ಮೆ ನೋಡಲು ಬರುತ್ತದೆ, ಇನ್ನೊಂದಕ್ಕೆ ಅತ್ತ ಹೋಗಲು ವೀಸಾ ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ. ಆ ಊರಿನ ಹೆಸರು ಬರೆದರೆ ಹದಿನಾರು ಅಕ್ಷರ, ಅನ್ನುವಾಗ ಆರೇ ಸಾಕಂತೆ. ಉಳಿದ ಹತ್ತು ಏನಾದವು ಎಂದು ಇಲ್ಲಿನ ಪೆಂದ ಎಂಬವಳು ಒಮ್ಮೆ ಶಾಲೆಯ ಎಲಿಮಾನ್ ಮೇಷ್ಟ್ರನ್ನು ಕೇಳಿದ್ದಳು. ಆ ಊರಿನವರು ಹಾಗೇ, ತಮ್ಮ ಹತ್ತಿರ ಇರುವುದನ್ನೆಲ್ಲ ಬಳಸುವುದಿಲ್ಲ, ಬಿಟ್ಟೂ ಕೊಡುವುದಿಲ್ಲ ಎಂದು ಮೇಷ್ಟ್ರು ನಕ್ಕಿದ್ದರು.

ಜೋಡಿ ಊರು ಕೊಟ್ಟಿದ್ದನ್ನು ಇಲ್ಲವೆನ್ನಲಾಗದು. ಶಾಲೆಗೆ ಬೆಂಚು ಬಂತು. ಮುಂದೆ ಹಿಮ ಗೋರುವ ಹಲಗೆಯಿದ್ದ ಟ್ರ್ಯಾಕ್ಟರೊಂದು ಬಂತು. ಕಡಲೆಕಾಯಿ ಹೊಲವೂ ಕಾದ ಹೆಂಚಾಗುವ ಸೀಮೆಯಲ್ಲಿ ಅದರ ಹಲಗೆಯ ನೆರಳಿಗೆ ಈಗ ಕೋಳಿಗಳು ಮೊಟ್ಟೆಯಿಡುತ್ತವೆ. ನೀರಿನ ಪೈಪೂ ಅಲ್ಲಿಂದಲೇ ಬಂತು. ಪಕ್ಕದೂರಿನ ಕೊಳವೆಬಾವಿಯಿಂದ ಇಲ್ಲಿಗೆ ಪೈಪು ಹೂಳಲು ಕಾಲುವೆ ತೋಡಿದವರು ಈ ಊರಿನ ಹೆಂಗಸರು. ಎರಡು ತಿಂಗಳು, ಗುದ್ದಲಿ ಹಿಡಿದು, ಬಿಸಿಲಲ್ಲಿ. ಪೆಂದಳ ಎಡಗೈ ಕಿರುಬೆರಳು ಆಗ ಮುರಿದದ್ದು ಇವತ್ತಿಗೂ ನೆಟ್ಟಗೆ ನಿಲ್ಲುವುದಿಲ್ಲ. ನಲ್ಲಿಯ ಮೇಲೆ ನೆಟ್ಟ ಬೋರ್ಡಿನಲ್ಲಿ ಹದಿನಾರು ಅಕ್ಷರಗಳಿವೆ. ಬೆರಳಿನ ಸುದ್ದಿಯಿಲ್ಲ.

ಈಗ ಆ ಊರಿನ ಪುರಸಭೆಯವರು ಈ ನಂಟು ಇರಲೋ ಬೇಡವೋ ಎಂದು ಕೈಯೆತ್ತಿ ತೀರ್ಮಾನ ಮಾಡುವವರಿದ್ದರು. ಇರಲಿ ಎಂದರೆ ಹೆರಿಗೆ ಕೋಣೆಗೆ ಚಾವಣಿ ಬರುತ್ತದೆ. ಜನರ ಮನಸ್ಸು ಕರಗಿಸಲು ಒಂದು ಸಿನಿಮಾ ಬೇಕು. ನಲ್ಲಿ ಬರುವ ಮೊದಲು ಹೆಂಗಸರು ಹೇಗೆ ನೀರು ಹೊರುತ್ತಿದ್ದರೋ ಹಾಗೆಯೇ, ಸಹಜವಾಗಿ, ತೋರಿಸಬೇಕೆಂದು ಕಾಗದ ಬಂದಿತ್ತು. ಎಲಿಮಾನ್ ಮೇಷ್ಟ್ರು ಅದನ್ನು ಮಸಾಂಬನಿಗೆ ಎರಡು ಸಲ ಓದಿ ಹೇಳಿದರು. ಮಸಾಂಬ ಕೆಟ್ಟವನಲ್ಲ. ಬಂದವರ ಮರ್ಯಾದೆಯಲ್ಲಿ ಒಂದು ಕೂದಲೆಳೆ ಕಡಿಮೆಯಾದರೂ ಊಟ ಸೇರದ ಮನುಷ್ಯ. ಸಹಜವಾಗಿ ಎಂಬ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ನಲ್ಲಿ ಹರಿಯುತ್ತಿದ್ದರೆ ಬಾವಿಗೆ ಹೋಗುವುದು ಸಹಜ ಹೇಗಾದೀತು? ಹೆಂಗಸರಿಗೆ ಅಭ್ಯಾಸ ಬೇರೆ ತಪ್ಪಿದೆ. ಅದಕ್ಕೇ ಬೀಗ.

ಮೊದಲ ದಿನವೇ ಪೆಂದ ಅವನ ಚಾವಡಿಗೆ ಹೋಗಿದ್ದಳು. ಪೆಂದಳ ತವರು ಮನೆತನದ ಹೆಸರು ಗೆಯ್. ನಮ್ಮ ಕಿವಿಗೆ ಅದು ಗೆಯ್ಮೆಯ ಗೆಯ್ ಹಾಗೆ ಕೇಳುತ್ತದೆ. ಅವಳ ಮಟ್ಟಿಗೆ ಅದೇನೂ ಸುಳ್ಳಲ್ಲ. ಮಸಾಂಬ ಅವಳ ಗಂಡನ ಸೋದರಮಾವ.

"ಮಾವ, ನೀರೇನು ತಪ್ಪು ಮಾಡ್ತು? ಯಾಕೆ ಜೈಲಿಗೆ ಹಾಕಿದ್ದೀರ?"

"ನಾಲ್ಕು ದಿನ, ತಾಯಿ. ಗುರುವಾರ ಬಂದು ಹೋಗ್ಲಿ. ಆಮೇಲೆ ನಲ್ಲಿ ನಿಮ್ದೇ."

"ಹಂಗಾದ್ರೆ ಇವತ್ತು ಯಾರ್ದು?"

ಮಸಾಂಬ ಚಹಾ ಲೋಟದ ನೊರೆ ನೋಡುತ್ತ ಕೂತ. ಅವನ ಪಕ್ಕದ ರೇಡಿಯೋ, ಸ್ವಾತಂತ್ರ್ಯ ಬಂದ ಮೇಲೂ ರಾಜಧಾನಿಯಲ್ಲಿ ಉಳಿದಿದ್ದ ಫ್ರೆಂಚ್ ಸೈನಿಕರು ಬಾವುಟ ಇಳಿಸಿ ಗಂಟುಮೂಟೆ ಕಟ್ಟಿ ಹೋದರೆಂದು ಹೇಳುತ್ತಿತ್ತು. ಹೋದವರು ಹೋದರು, ಇಲ್ಲಿ ಬೀಗ ಹಾಕುವ ಕೆಲಸ ನೀವೇ ವಹಿಸಿಕೊಂಡಿರಲ್ಲ ಎಂದು ಪೆಂದ ಅಂದು ಬಂದಳು. ಮಸಾಂಬ ಅದಕ್ಕೂ ಸಿಟ್ಟಾಗಲಿಲ್ಲ. ಬೀಗವನ್ನೂ ತೆಗೆಯಲಿಲ್ಲ.

ಬಾವಿಯ ಆಳ ಇಪ್ಪತ್ತೈದು ಮಾರು. ಲಾರಿ ಟ್ಯೂಬು ಕತ್ತರಿಸಿ ಹೊಲಿದ ಬಕೆಟ್ಟು, ತುಕ್ಕು ಹಿಡಿದ ರಾಟೆ. ಹಗ್ಗ ಎಳೆದರೆ ಮೊದಲು ಅಂಗೈ ಕೆಂಪಾಗುತ್ತದೆ, ಆಮೇಲೆ ಬೊಬ್ಬೆ, ಆಮೇಲೆ ಬೊಬ್ಬೆ ಒಡೆದು ಹಗ್ಗವೇ ಕೆಂಪಾಗುತ್ತದೆ. ಅಗಲ ಬಾಯಿಯ ಒಂದು ಬೋಸಿಗೆ ಇಪ್ಪತ್ತೈದು ಲೀಟರು. ಸಿಂಬಿ ಇಟ್ಟು ಬೋಸಿ ಏರಿಸಿದರೆ ಕತ್ತಿನ ಬುಡದಲ್ಲಿ ಎಲುಬು ಎಲುಬಿಗೆ ತಾಗಿದ್ದು ಗೊತ್ತಾಗುತ್ತದೆ. ಬಾವಿಯಿಂದ ಊರ ನಡುವಿನ ಹುಣಸೆಮರಕ್ಕೆ ಆರುನೂರು ಹೆಜ್ಜೆ. ಮೊದಲ ದಿನ ಪೆಂದ ಎಂಟು ಸಲ ಹೋಗಿ ಬಂದಳು. ನಾಲ್ಕು ತನ್ನ ಪಾಲು. ನಾಲ್ಕು ಸಿರಳ ಪಾಲು.

ಸಿರ ಅವಳ ಸವತಿ. ಇಪ್ಪತ್ತಮೂರರ ಹುಡುಗಿ, ಏಳು ತಿಂಗಳ ಬಸುರಿ. ಮೀನಿನ ಲಾರಿ ಓಡಿಸುವ ಗಂಡ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನವೆಲ್ಲ ಒಂದೇ ಅಂಗಳದಲ್ಲಿ ಈ ಇಬ್ಬರೇ. ತಾನೂ ಬಾವಿಗೆ ಬರುತ್ತೇನೆಂದು ಸಿರ ಹಟ ಹಿಡಿದಾಗ ಪೆಂದ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನ ನಡಿಗೆಗೆ ಬಾವಿ ಸೇರೋ ಹೊತ್ಗೆ ಮಗೂನೇ ಇಳಿದು ಬಂದು ಹಗ್ಗ ಹಿಡ್ಕೊಂಡಿರುತ್ತೆ. ಮನೇಲಿರು."

ನಗಿಸಿ ಕೂರಿಸಿದಳು ನಿಜ. ಆದರೆ ಆ ದಾರಿ ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಇದೇ ದಾರಿಯಲ್ಲಿ ಪೆಂದಳೂ ಬಸುರಿಯಾಗಿ ನೀರು ಹೊತ್ತಿದ್ದಳು. ಜೋಡಿ ಊರಿನಿಂದ ಬಂದವನೊಬ್ಬ ಫೋಟೋ ತೆಗೆದ. ನಗು ಎಂದ, ನಕ್ಕಳು. ಎಂಟನೇ ದಿನ ಅದೇ ದಾರಿಯಲ್ಲಿ ಜಾರಿ ಬಿದ್ದಳು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಮತ್ತೆ ಬಸುರು ನಿಲ್ಲಲೂ ಇಲ್ಲ. ನಲ್ಲಿ ಬಂದ ದಿನ ಊರೆಲ್ಲ ಕುಣಿದರೆ ಪೆಂದ ನಲ್ಲಿಯ ಕೆಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಇನ್ನು ಜನ್ಮದಲ್ಲಿ ಆ ದಾರಿಯಲ್ಲಿ ಬೋಸಿ ಹೊರುವುದಿಲ್ಲ ಎಂದುಕೊಂಡಿದ್ದಳು.

ಬುಧವಾರ ಅವಳಿಗೆ ಕತ್ತು ತಿರುಗಿಸಲು ಆಗಲಿಲ್ಲ. ಚಾಪೆಯ ಮೇಲೆ ಒರಗಿದವಳಿಗೆ ಜೊಂಪು ಹತ್ತಿತು. ಎದ್ದು ನೋಡಿದರೆ ಸಿರ ಇಲ್ಲ, ಬೋಸಿಯೂ ಇಲ್ಲ. ಓಡಿದಳು. ಸಿರ ಅರ್ಧ ದಾರಿಯಲ್ಲಿದ್ದಳು. ತಲೆಯ ಮೇಲೆ ತುಂಬಿದ ಬೋಸಿ, ಒಂದು ಕೈ ಬೋಸಿಗೆ, ಒಂದು ಕೈ ಹೊಟ್ಟೆಗೆ. ಪೆಂದ ಬೋಸಿ ಕಿತ್ತುಕೊಂಡು ನೀರನ್ನೆಲ್ಲ ಅಲ್ಲೇ ಚೆಲ್ಲಿದಳು. "ಅಷ್ಟು ಕಷ್ಟಪಟ್ಟು ಸೇದಿದ್ದು ಅಕ್ಕ" ಎಂದು ಸಿರ ಅಳುಮೋರೆ ಮಾಡಿದಳು. ನಾಳೆಗೆ ಬೀಗ ತೆಗೆಸದಿದ್ದರೆ ತಾನು ಗೆಯ್ ಮನೆತನದವಳೇ ಅಲ್ಲ ಎಂದು ಪೆಂದ ಆ ದಾರಿಯಲ್ಲೇ ನಿಂತು ಹೇಳಿದಳು.

ಗುರುವಾರ ಹತ್ತು ಗಂಟೆಗೆ ಬಿಳಿ ಕಾರು ಎರಡು ಬಂದವು. ಮೊದಲನೆಯದರಿಂದ ಜೋಡಿ ಊರಿನ ಮೇಯರ್ ಇಳಿದ. ಅವನ ಹುಟ್ಟು ಹೆಸರು ಬರ್ತೆಲೊ. ಕೇರ್ ಬಿರಾನಿನಲ್ಲಿ ಮಾತ್ರ ಅವನು ಸೆಕ್. ಕಳೆದ ಸಲ ಬಂದಾಗ ಮಸಾಂಬ ತನ್ನ ತಾಯಿಯ ಮನೆತನದ ಹೆಸರನ್ನು ಅವನಿಗೆ ಕೊಟ್ಟಿದ್ದ. ಕೂಸಿಗೆ ಹೆಸರಿಡುವಂತೆಯೇ ಕಿವಿಯಲ್ಲಿ ಉಸುರಿ, ಕುರಿ ಕೊಯ್ದು, ಎಲ್ಲ ಶಾಸ್ತ್ರ ಆಗಿತ್ತು. ತಲೆ ಬೋಳಿಸುವ ಶಾಸ್ತ್ರವೊಂದು ಆಗಲಿಲ್ಲ, ಅದನ್ನು ದೇವರು ಮೊದಲೇ ಮುಗಿಸಿದ್ದ. ಮೇಯರಿಗೆ ಆ ಹೆಸರೆಂದರೆ ಪ್ರಾಣ. ಈ ಸಲ ಆಕಾಶಬಣ್ಣದ ಅಗಲ ನಿಲುವಂಗಿ ತೊಟ್ಟು ಬಂದಿದ್ದ, ಇಸ್ತ್ರಿಯ ಗೆರೆ ಕೂಡ ಮುರಿದಿರಲಿಲ್ಲ. "ನಾನು ಸೆಕ್, ನಾನು ಸೆಕ್" ಎಂದು ಎದೆ ತಟ್ಟಿಕೊಳ್ಳುತ್ತ ಎಲ್ಲರ ಕೈ ಕುಲುಕಿದ.

ಸೆಕ್ ಮತ್ತು ಗೆಯ್ ಮನೆತನಗಳ ನಡುವೆ ಗೇಲಿನಂಟು. ಭಾವ ಮೈದುನರು ಕಾಲೆಳೆದುಕೊಳ್ಳುವುದಿಲ್ಲವೇ, ಹಾಗೆಯೇ. ಆದರೆ ಇದು ಒಬ್ಬಿಬ್ಬರ ಮಾತಲ್ಲ, ಇಡೀ ಮನೆತನಕ್ಕೆ ಇಡೀ ಮನೆತನ, ಹುಟ್ಟಿನಿಂದ ಸಾಯುವತನಕ. ಗೆಯ್ ಆದವಳು ಸೆಕ್ ಆದವನನ್ನು ನನ್ನ ಜೀತದಾಳು ಎನ್ನಬಹುದು, ಹೊಟ್ಟೆಬಾಕ ಎನ್ನಬಹುದು, ಅವನ ತಟ್ಟೆಯಿಂದ ಮೀನಿನ ತುಂಡು ಎತ್ತಿಕೊಂಡು ಹೋಗಬಹುದು. ಅವನೂ ಹಾಗೇ. ಎರಡು ಕಡೆಯವರಲ್ಲಿ ಯಾರೂ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ.

ಗೆಯ್ ಮನೆತನದ ಹಿರಿತಲೆ ಅಂತಜ್ಜಿ ಹುಣಸೆಮರದ ಕೆಳಗೆ ಕೂತಲ್ಲಿಂದಲೇ ಶುರು ಮಾಡಿದಳು.

"ಬಂದ್ಯೇನೋ ನನ್ನ ಜೀತದಾಳೆ. ಅನ್ನ ಇನ್ನೂ ಕುದೀತಾ ಇದೆ, ಆಗ್ಲೇ ಸಮುದ್ರದ ಆಚೆ ತಂಕ ವಾಸ್ನೆ ಬಡೀತಾ?"

ಎಲಿಮಾನ್ ಮೇಷ್ಟ್ರು ಅದನ್ನು ಫ್ರೆಂಚಿಗೆ ತಂದರು. ಮೇಷ್ಟ್ರ ತರ್ಜುಮೆಗೆ ಯಾವಾಗಲೂ ಎರಡು ಚಮಚ ಸಕ್ಕರೆ ಜಾಸ್ತಿ. ಅಜ್ಜಿ ನಿಮ್ಮ ಆರೋಗ್ಯ ವಿಚಾರಿಸುತ್ತಿದ್ದಾರೆ ಎಂದಿರಬೇಕು. ಮೇಯರ್ ಮಾತ್ರ ಜೀತದಾಳು ಎಂಬ ಶಬ್ದವನ್ನು ಕಳೆದ ಸಲವೇ ಕಲಿತಿದ್ದ. ಬಿದ್ದು ಬಿದ್ದು ನಕ್ಕ. ಕ್ಯಾಮೆರಾದವನನ್ನು ಹತ್ತಿರ ಕರೆದು, ಈ ಗೇಲಿನಂಟು ಎಷ್ಟು ದೊಡ್ಡ ಸಂಪ್ರದಾಯ, ಇಲ್ಲಿ ಯಾರು ಯಾರಿಗೆ ಏನು ಬೇಕಾದರೂ ಅನ್ನಬಹುದು, ಸಿಟ್ಟಾದವನು ಸೋತಂತೆ ಎಂದು ಹತ್ತು ನಿಮಿಷ ವಿವರಿಸಿದ. ಅದರ ಬಗ್ಗೆ ಪುಸ್ತಕ ಓದಿದ್ದನಂತೆ. ಮೇಷ್ಟ್ರು ಅದನ್ನೂ ಬಿಡದೆ ಊರವರಿಗೆ ತರ್ಜುಮೆ ಮಾಡಿದರು. ಇವನು ಇದನ್ನೆಲ್ಲ ಯಾರಿಗೆ ಹೇಳಿಕೊಡುತ್ತಿದ್ದಾನೆ ಎಂದು ಅಂತಜ್ಜಿ ಪಕ್ಕದವಳನ್ನು ಕೇಳಿದಳು.

ಆಮೇಲೆ ಮೇಯರ್ ಪೆಂದಳನ್ನು ಕರೆಸಿ ಒಂದು ಕಾಣಿಕೆ ಕೊಟ್ಟ. ಬಟ್ಟೆಯ ಕೈಚೀಲ. ಅದರ ಮೇಲೆ ಹನ್ನೊಂದು ವರ್ಷದ ಹಿಂದಿನ ಪೆಂದ, ತಲೆಯ ಮೇಲೆ ಬೋಸಿ, ಮುಖದಲ್ಲಿ ನಗು. ಅವರ ಊರಿನಲ್ಲಿ ಈ ಚೀಲ ಮನೆಮನೆಯಲ್ಲೂ ಇದೆಯಂತೆ, ತರಕಾರಿ ತರಲು ಒಯ್ಯುತ್ತಾರಂತೆ. ಕೆಳಗೆ ಏನೋ ಬರೆದಿತ್ತು. ಏನದು ಎಂದು ಪೆಂದ ಕೇಳಿದಳು. ಮೇಷ್ಟ್ರು "ಇವಳಿಗೆ ಬಾಯಾರಿದೆ ಅಂತಿದೆ" ಎಂದರು.

ಪೆಂದ ಚೀಲವನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ತಲೆ ಮೇಲೆ ಇಪ್ಪತ್ತೈದು ಲೀಟ್ರು ನೀರು ಹೊತ್ಕೊಂಡಿರೋಳಿಗೆ ಬಾಯಾರಿಕೆನಾ ಮೇಷ್ಟ್ರೇ? ಇದನ್ನ ಬರೆದವನಿಗೆ ಕಣ್ಣು ಕಾಣುತ್ತೆ ತಾನೆ?"

ಹೆಂಗಸರೆಲ್ಲ ಬಾಯಿಗೆ ಕೈಯಿಟ್ಟು ನಕ್ಕರು. ಅವರಿಗೆ ತುಂಬಾ ಸಂತೋಷವಾಗಿದೆ ಎಂದು ಮೇಷ್ಟ್ರು ಫ್ರೆಂಚಿನಲ್ಲಿ ತಿಳಿಸಿದರು. ಪೆಂದ ನಗಲಿಲ್ಲ. ಆ ಚೀಲದ ಮೇಲಿನ ಹೊಟ್ಟೆಯೊಳಗೆ ಆಗ ಯಾರಿದ್ದರೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಚಿತ್ರೀಕರಣ ಶುರುವಾಯಿತು. ನಲ್ಲಿಗೂ ಬೋರ್ಡಿಗೂ ಅಡ್ಡವಾಗಿ ಸಜ್ಜೆದಂಟಿನ ತಟ್ಟಿ ಕಟ್ಟಿ ಮರೆಮಾಡಿದ್ದರು. ಕ್ಯಾಮೆರಾದವನು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ನೋಡುತ್ತ ಬಂದ. ಪ್ಲಾಸ್ಟಿಕ್ ಚಪ್ಪಲಿ ಬಿಡಬೇಕು, ಬರಿಗಾಲು ಇರಬೇಕು. ಓಲೆ ತೆಗೆಯಬೇಕು. ಹೊಸ ಬಟ್ಟೆ ಉಟ್ಟವರು ಹೋಗಿ ಹಳೆಯದು ಉಟ್ಟು ಬರಬೇಕು. ಅತಿಥಿಗಳು ಬರುತ್ತಾರೆಂದು ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಬಂದವರು ಅವರು. ಮೈಗೆ ಸೋಪು ಹಾಕಿ, ತಲೆಗೆ ಜರಿಯ ವಸ್ತ್ರ ಕಟ್ಟಿ ನಿಂತಿದ್ದರು. ಒಬ್ಬಳು ನಾಚಿ ಓಲೆ ಬಿಚ್ಚಿದಳು. ಇನ್ನೊಬ್ಬಳು ಚಪ್ಪಲಿ ಬಿಟ್ಟಳು. ಮಸಾಂಬ ಎಲ್ಲರಿಗೂ ಕಣ್ಣಲ್ಲೇ ಕೈಮುಗಿಯುತ್ತಿದ್ದ.

ಕ್ಯಾಮೆರಾದವನು ಸಿರಳ ಮುಂದೆ ನಿಂತ. ಅವಳ ಹೊಟ್ಟೆ ನೋಡಿದ. ಅವನ ಮುಖ ಅರಳಿತು. ಇವಳು ಮುಂದಿರಲಿ, ಎಲ್ಲರಿಗಿಂತ ಮುಂದೆ, ಬೋಸಿ ತುಂಬಿರಲಿ ಎಂದ. ಇದು ತರ್ಜುಮೆಯಾಗುವ ಮೊದಲೇ ಎಲ್ಲರಿಗೂ ಅರ್ಥವಾಯಿತು. ಸಿರ ಒಮ್ಮೆ ಮಸಾಂಬನ ಕಡೆ ನೋಡಿ, ಬೋಸಿ ಎತ್ತಿಕೊಳ್ಳಲು ಬಗ್ಗಿದಳು.

ಪೆಂದ ಬೋಸಿಯ ಮೇಲೆ ಕಾಲಿಟ್ಟಳು.

"ಅವಳು ಹೊರಲ್ಲ. ನಾನೂ ಹೊರಲ್ಲ."

ಎಲ್ಲ ನಿಂತಿತು. ಮೇಯರ್ ನಗುನಗುತ್ತಲೇ ಬಂದ. ಒಂದೇ ಸಲ ಸಾಕು, ಐದು ನಿಮಿಷದ ಕೆಲಸ, ಎಲ್ಲ ನಿಮ್ಮ ಒಳ್ಳೆಯದಕ್ಕೇ, ಇದನ್ನು ನೋಡಿದರೆ ನಮ್ಮ ಜನ ಕೈಯೆತ್ತದೆ ಇರುವುದಿಲ್ಲ ಎಂದು ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ ಹೇಳಿದ. ಪೆಂದಳ ಮೈಯೆಲ್ಲ ಉರಿಯುತ್ತಿತ್ತು. ಕೂಗಬೇಕೆನಿಸಿತು. ಕೂಗಿದರೆ ಹುಚ್ಚಿ ಎನ್ನುತ್ತಾರೆ. ಮಸಾಂಬನ ಮಾನ ಹೋಗುತ್ತದೆ, ಕಾರು ಹೊರಟುಹೋಗುತ್ತದೆ, ಚಾವಣಿ ಬರದಿದ್ದರೆ ಅದು ತನ್ನ ತಲೆಗೆ. ಬೀಗ ಬೀಗವಾಗಿಯೇ ಉಳಿದರೂ ಉಳಿದೀತು. ಅದೇ ಮಾತನ್ನು ಗೇಲಿಯಲ್ಲಿ ಆಡಿದರೆ ನಂಟಸ್ತನ ಎನ್ನುತ್ತಾರೆ. ಅವಳು ಒಂದು ಉಸಿರು ಎಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟಳು.

"ಅಲ್ಲ ಕಣೋ ಸೆಕ್. ಮನೇಲಿ ಇಷ್ಟು ದಪ್ಪದ ಜೀತದಾಳು ಇರೋವಾಗ ಒಡತಿ ಯಾಕೋ ನೀರು ಹೊರ್ಬೇಕು? ತಲೆ ಬಗ್ಗಿಸು."

ಊರು ಹೋ ಎಂದು ನಕ್ಕಿತು. ಅಂತಜ್ಜಿ ನೆಲ ಬಡಿದು ನಕ್ಕಳು. ತನ್ನ ಸೊಂಟದಲ್ಲಿ ಸಿಕ್ಕಿಸಿದ್ದ ಸಿಂಬಿಯನ್ನು ಪೆಂದ ಆ ಬೋಳುತಲೆಯ ಮೇಲೆ ಕೂರಿಸಿದಳು. ಮೇಯರಿಗೂ ಖುಷಿಯಾಯಿತು. ಇಂಥದ್ದು ಪುಸ್ತಕದಲ್ಲೂ ಇರಲಿಲ್ಲ. ಹಿಡಿ, ಹಿಡಿ ಎಂದು ಕ್ಯಾಮೆರಾದವನಿಗೆ ಸನ್ನೆ ಮಾಡಿ, ನಿಲುವಂಗಿ ಎತ್ತಿ ಕಟ್ಟಿ ಬಾವಿಯ ದಾರಿ ಹಿಡಿದ. ಊರೆಲ್ಲ ಹಿಂದೆ ಹೊರಟಿತು.

ಸೇದುವುದೂ ಆಳಿನ ಕೆಲಸವೇ ಎಂದು ಪೆಂದ ಹಗ್ಗ ಅವನ ಕೈಗೆ ಕೊಟ್ಟಳು. ಇಪ್ಪತ್ತೈದು ಮಾರು ಎಳೆದ. ಬೋಸಿ ತುಂಬಲು ಮೂರು ಬಕೆಟ್ಟು ಬೇಕು. ಮೂರನೆಯದಕ್ಕೆ ಅವನ ತೋಳು ನಡುಗಿತು. ಇಬ್ಬರು ಹೆಂಗಸರು ಬೋಸಿ ಎತ್ತಿ ತಲೆಗಿಟ್ಟರು. ಕತ್ತು ಭುಜದೊಳಕ್ಕೆ ಇಳಿಯಿತು. ನೂರು ಹೆಜ್ಜೆಗೆ ಅಂಗಿಯ ಬೆನ್ನೆಲ್ಲ ಒದ್ದೆ. ಪೆಂದ ಪಕ್ಕದಲ್ಲೇ ನಡೆಯುತ್ತ ಬುದ್ಧಿ ಹೇಳುತ್ತಿದ್ದಳು.

"ಕತ್ತು ನೆಟ್ಟಗಿರ್ಲಿ ಸೆಕ್. ಕೆಳಗೆ ನೋಡ್ಬೇಡ. ನಗು. ಫೋಟೋದಲ್ಲಿ ನಾನು ನಕ್ಕಿಲ್ವ?"

ನಕ್ಕ, ಪಾಪ. ಹುಣಸೆಮರ ಮುಟ್ಟುವ ಹೊತ್ತಿಗೆ ಬೋಸಿಯಲ್ಲಿ ಅರ್ಧ ನೀರಿತ್ತು. ಚಪ್ಪಾಳೆ ಬಿತ್ತು. ಮೇಯರ್ ಕ್ಯಾಮೆರಾದ ಕಡೆ ಕೈಬೀಸಿದ. ಪೆಂದ ಬೋಸಿಯೊಳಗೆ ಇಣುಕಿ ನೋಡಿ, ಇಷ್ಟು ನೀರು ಆಡಿಗೆ ಆಯಿತು, ಮನೆಯವರಿಗೆ ಇನ್ನೂ ಬೇಕಲ್ಲ ಎಂದಳು. ಎರಡನೇ ಸಲ ಹೋದ. ಈ ಸಲ ನಗುತ್ತಿದ್ದವನು ಬಾವಿಯ ತನಕ ಮಾತ್ರ ನಕ್ಕ. ಬರುವಾಗ ಎರಡು ಕಡೆ ನಿಂತ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಅದನ್ನು ಯಾರಿಗೂ ತೋರಿಸದೆ ಅಂಗಿಗೆ ಒರೆಸಿಕೊಂಡ. ಆ ಬೊಬ್ಬೆ ನೋಡಿ ಪೆಂದಳಿಗೆ ಸ್ವಲ್ಪ ಕನಿಕರವಾಯಿತು. ಸಿರಳ ಕಡೆ ನೋಡಿದಳು, ಕನಿಕರ ಹೋಯಿತು.

"ಇದು ಅಡುಗೆಗೆ ಆಯ್ತು. ಸ್ನಾನಕ್ಕೆ?"

ಮೂರನೇ ಸಲ ಅವನು ನೂರೈವತ್ತು ಹೆಜ್ಜೆಯೂ ಹೋಗಲಿಲ್ಲ. ಬರಿ ಬೋಸಿಯನ್ನು ತಲೆಯಿಂದ ತೆಗೆದು ನೆಲಕ್ಕೆ ಅಪ್ಪಳಿಸಿದ. ತಿರುಗಿ ಮರದ ಕೆಳಗೆ ಬಂದು ಫ್ರೆಂಚಿನಲ್ಲಿ ಒಂದೇ ಸಮ ಮಾತಾಡಿದ. ಮುಖ ಕೆಂಪಾಗಿತ್ತು. ಯಾರೂ ನಗಲಿಲ್ಲ.

"ಏನಂದ್ರು ಮೇಷ್ಟ್ರೇ?" ಎಂದು ಪೆಂದ ಕೇಳಿದಳು.

ಎಲಿಮಾನ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಪ್ಪತ್ತು ವರ್ಷದಿಂದ ಬೆರೆಸುತ್ತಿದ್ದ ಸಕ್ಕರೆ ಆವತ್ತು ಅವರ ಹತ್ತಿರ ಇರಲಿಲ್ಲ.

"ಎಲ್ಲದಕ್ಕೂ ಒಂದು ಮಿತಿ ಇದೆ ಅಂದ್ರು. ಆಟ ಆಡೋಕೆ ಬಂದಿಲ್ಲ ಅಂದ್ರು. ತಾವಿಲ್ದಿದ್ರೆ ಈ ಊರಿಗೆ ಒಂದು ಹನಿ ನೀರೂ ಬರ್ತಿರ್ಲಿಲ್ಲ ಅಂದ್ರು."

ಪೆಂದ ನಲ್ಲಿಯ ಹತ್ತಿರ ಹೋದಳು. ತಟ್ಟಿಯನ್ನು ಎರಡೂ ಕೈಯಿಂದ ಕಿತ್ತು ಪಕ್ಕಕ್ಕೆಸೆದಳು. ಬೋರ್ಡು, ನಲ್ಲಿ, ಸರಪಣಿ, ಹೊಸ ಬೀಗ, ಎಲ್ಲ ಬಿಸಿಲಿಗೆ ಬಂದವು.

"ಬಂದಿರೋ ನೀರು ಇಲ್ಲೇ ನಿಂತಿದೆ. ಪೈಪು ನಿಮ್ದು, ಒಪ್ಕೊಂಡೆ. ಬೋರ್ಡೂ ನಿಮ್ದೇ ಇರ್ಲಿ. ಗುಂಡಿ ತೋಡಿದ್ದು ನಾವು. ಈ ಬೀಗ ಯಾರ್ದು, ಕೇಳಿ ಮೇಷ್ಟ್ರೇ."

ಮೇಷ್ಟ್ರು ಕೇಳಿದರು. ಮೇಯರಿಗೆ ಬೀಗದ ವಿಷಯ ಗೊತ್ತೇ ಇರಲಿಲ್ಲ. ಯಾವ ಬೀಗ, ಯಾಕೆ ಬೀಗ ಎಂದು ಮಸಾಂಬನನ್ನು ನೋಡಿದ. ಮಸಾಂಬ ತಲೆ ಬಗ್ಗಿಸಿ, ನಿಮ್ಮ ಸಿನಿಮಾ ಸಹಜವಾಗಿ ಬರಲಿ ಎಂದೇ ಹಾಕಿದ್ದು, ನಾಲ್ಕು ದಿನದಿಂದ ಹೆಂಗಸರು ಬಾವಿಯಲ್ಲೇ ಸೇದುತ್ತಿದ್ದಾರೆ ಎಂದ. ಕಾಗದ ಬರೆದಿದ್ದ ಕ್ಯಾಮೆರಾದವನು ತನ್ನ ಲೆನ್ಸು ಒರೆಸತೊಡಗಿದ. ಮೇಯರ್ ಸರಪಣಿಯನ್ನು ನೋಡಿದ, ಮೇಲಿನ ಬೋರ್ಡಿನಲ್ಲಿದ್ದ ತನ್ನ ಊರಿನ ಹೆಸರನ್ನು ಓದಿದ. ಬೊಬ್ಬೆಯೆದ್ದ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಪೆಂದ ಅಲ್ಲ.

"ಇನ್ನೊಂದು ಮಾತಿದೆ ಮಾವ. ಸೆಕ್ ಆದವನು ಗೆಯ್ ಮುಂದೆ ಸಿಟ್ಟಾಗಿದ್ದು ನಮ್ಮಜ್ಜಿ ಕಾಲದಿಂದ ಯಾರಾದ್ರೂ ಕೇಳಿದ್ದೀರ? ಇವರು ಬೋಸಿ ಬಡಿದ್ರು. ಅಂದ್ರೆ ಇವರು ಸೆಕ್ ಅಲ್ಲ. ಹೆಸರಿಡೋವಾಗ ಎಲ್ಲೋ ಹೆಚ್ಚುಕಮ್ಮಿ ಆಗಿದೆ. ವಾಪಸ್ ತಗೊಳ್ಳಿ."

ಇದು ಗೇಲಿಯೋ ನಿಜವೋ ಯಾರಿಗೂ ತಿಳಿಯಲಿಲ್ಲ. ಅವಳ ಮುಖದಲ್ಲಿ ನಗುವಿತ್ತು. ದನಿಯಲ್ಲಿ ಇರಲಿಲ್ಲ. ಮಸಾಂಬ ಅಂತಜ್ಜಿಯ ಕಡೆ ನೋಡಿದ. ಹುಡುಗಿ ಹೇಳುವುದು ಸರಿ, ನಂಟು ಎಂದರೆ ಅಂಗಿಯಲ್ಲ, ಬೇಕೆಂದಾಗ ತೊಟ್ಟು ಸೆಕೆಯಾದಾಗ ಬಿಚ್ಚಲಿಕ್ಕೆ ಎಂದು ಅಜ್ಜಿ ಹೇಳಿದಳು. ಮೇಷ್ಟ್ರು ಪ್ರತಿಯೊಂದು ಶಬ್ದವನ್ನೂ ಫ್ರೆಂಚಿಗೆ ದಾಟಿಸಿದರು. ಮೇಯರ್ ಮೊದಲು ನಗಲು ನೋಡಿದ. ಜೊತೆಗೆ ಯಾರೂ ನಗದಿದ್ದಾಗ ನಿಲ್ಲಿಸಿದ. ಹೆಸರು ಹೋಗುತ್ತದೆ ಎಂದಾಗ ಅವನ ಮುಖ ನಿಜವಾಗಿಯೂ ಸಣ್ಣದಾಯಿತು. ಮಾತಿಗೆ ಕ್ಷಮೆ ಕೇಳಿದ, ಬೀಗದ ಬಗ್ಗೆ ನಾಚಿಕೆಯಾಗಿದೆ ಎಂದ. ಅದು ಬರಿ ಬಾಯಿಮಾತಾಗಿರಲಿಲ್ಲ ಎಂದು ಇವತ್ತಿಗೂ ಊರಿನಲ್ಲಿ ಹೇಳುವವರಿದ್ದಾರೆ.

ಮಸಾಂಬ ಒಳಜೇಬಿನಿಂದ ಬೀಗದಕೈ ತೆಗೆದ. ಅಭ್ಯಾಸ ಎಲ್ಲಿ ಹೋಗುತ್ತದೆ? ಈ ಊರಿನಲ್ಲಿ ಬೆಂಚಿನಿಂದ ಹಿಡಿದು ಪೈಪಿನ ತನಕ ಯಾವುದೇ ಆಗಲಿ, ಅತಿಥಿಯ ಕೈಯಿಂದಲೇ ಉದ್ಘಾಟನೆ. ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಮೇಯರ್ ಮುಂದೆ ಚಾಚಿದ. ಮೇಯರ್ ಕೈ ಮುಂದೆ ಮಾಡಿದ. ಕ್ಯಾಮೆರಾದವನು ಕ್ಯಾಮೆರಾ ಎತ್ತಿದ.

ಪೆಂದ ಆ ಎರಡು ಕೈಗಳ ನಡುವಿನಿಂದ ಬೀಗದಕೈ ತೆಗೆದುಕೊಂಡಳು.

ಬೀಗ ಬಿಚ್ಚಿದಳು. ಸರಪಣಿ ಎಳೆದು ನೆಲಕ್ಕೆ ಹಾಕಿದಳು. ನಲ್ಲಿ ಮೊದಲು ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ಸ್ವಲ್ಪ ಕೆಂಪು ನೀರು, ಆಮೇಲೆ ತಿಳಿ ನೀರು. ಮೊದಲ ಬೋಸಿ ಸಿರಳದ್ದು. ತುಂಬಿದ ಬೋಸಿಯನ್ನು ನಾಲ್ಕು ಹೆಜ್ಜೆ ದೂರದ ಅಂಗಳಕ್ಕೆ ಪೆಂದಳೇ ಎತ್ತಿಟ್ಟು ಬಂದಳು. ಹೆಂಗಸರು ಓಲೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಬೋಸಿ ಬಿಂದಿಗೆ ಹಿಡಿದು ಸಾಲುಗಟ್ಟಿದರು. ಕ್ಯಾಮೆರಾದವನು ಇದನ್ನಾದರೂ ತೆಗೆದುಕೊಳ್ಳಲೇ ಎಂದು ಕೇಳಿದ. ಊರು ನೀರು ಕುಡಿಯುವುದು ಯಾರಿಗೂ ಮನಸ್ಸು ಕರಗುವ ನೋಟವಲ್ಲ, ಕ್ಯಾಮೆರಾ ಒಳಗಿಡಿ ಎಂದು ಮೇಷ್ಟ್ರು ತಾವೇ ಹೇಳಿದರು. ಅದನ್ನು ಹೇಳು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೇಯರ್ ಬಿಸಿಲಲ್ಲೇ ನಿಂತಿದ್ದ. ತುಟಿ ಒಣಗಿತ್ತು. ಕಾರಿನ ಕಡೆ ನೋಡಿದ, ಸಾಲಿನ ಕಡೆ ನೋಡಿದ, ಕೊನೆಗೆ ಪೆಂದಳ ಕಡೆ ನೋಡಿದ. ಅವನು ಏನು ಕೇಳುತ್ತಿದ್ದಾನೆಂದು ಅವಳಿಗೆ ತರ್ಜುಮೆ ಬೇಕಾಗಲಿಲ್ಲ.

"ನಂಟು ಬೇಕಾದ್ರೆ ಸಾಲಲ್ಲಿ ನಿಲ್ಲಲಿ ಮೇಷ್ಟ್ರೇ. ಬೇಡಾಂದ್ರೆ ಹೆಸರು ಇಲ್ಲಿಟ್ಟು ಹೊರಡ್ಲಿ. ಕಾರಿಗೇನೂ ಬೀಗ ಹಾಕಿಲ್ಲ ನಾವು."

ಮೇಯರ್ ದಾರಿಯ ಮೇಲೆ ತಾನೇ ಬಡಿದು ಬಂದಿದ್ದ ಬೋಸಿಯನ್ನು ಹೋಗಿ ಎತ್ತಿ ತಂದ. ಒಂದು ಕಡೆ ನಗ್ಗಿತ್ತು. ಅದನ್ನು ಹಿಡಿದುಕೊಂಡು ಸಾಲಿನ ಕೊನೆಯಲ್ಲಿ ನಿಂತ.

ನಿಂತು ಎರಡು ನಿಮಿಷವಾಗಿರಲಿಲ್ಲ, ಅಂತಜ್ಜಿ ಮರದ ಕೆಳಗಿನಿಂದ ಎದ್ದು ಕೋಲೂರಿಕೊಂಡು ಬಂದು ಸೀದಾ ಅವನ ಮುಂದೆ ನಿಂತಳು. ಗೆಯ್ ಇರುವಾಗ ಸೆಕ್ ಮುಂದೆ ನಿಲ್ಲುವುದುಂಟೇ ಎಂದಳು. ಮೇಯರ್ ಒಂದು ಹೆಜ್ಜೆ ಹಿಂದೆ ಸರಿದ. ಅವಳ ಸೊಸೆ ಬಂದಳು, ತಾನು ಹುಟ್ಟಿದ್ದೂ ಗೆಯ್ ಮನೆಯಲ್ಲೇ ಎಂದಳು. ಇನ್ನೊಂದು ಹೆಜ್ಜೆ. ಸುದ್ದಿ ಮನೆಯಿಂದ ಮನೆಗೆ ಹೋಯಿತು. ಒಬ್ಬೊಬ್ಬರಾಗಿ, ಅವಸರವಿಲ್ಲದೆ, ಬಿಂದಿಗೆ ಹಿಡಿದು ಬರತೊಡಗಿದರು. ನಗಬೇಕೋ ಬೇಡವೋ ಎಂದು ಅವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಆಕಾಶ ನೋಡುತ್ತಿದ್ದರು.

ಕೇರ್ ಬಿರಾನಿನಲ್ಲಿ ಗೆಯ್ ಮನೆತನದ ಹೆಂಗಸರು ನಲವತ್ತೊಂದು ಮಂದಿ. ಆವತ್ತು ಎಲ್ಲರಿಗೂ ನೀರು ಬೇಕಾಗಿತ್ತು.